ಸರ್ವರ್ ಬಿಜಿಯೋ, ರ‍್ಯಾಮ್ ಭರ್ತಿಯೋ?

ಭಟ್ಕಳದಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದಾಗ ಕೀಬೋರ್ಡಿನಲ್ಲಿ ಇಂಗ್ಲಿಷಿನ ಪಕ್ಕ ಅರಬ್ಬಿ ಅಕ್ಷರ ಕಂಡರೆ ಅಚ್ಚರಿಯೇನಿಲ್ಲ. ಕೊಲ್ಲಿ ದೇಶದಲ್ಲಿ ದುಡಿಯುವವರು ರಜೆಗೆ ಬರುವಾಗ ತಂದದ್ದು ಅದು. ಅದರ ಚಾರ್ಜರಿನ ಚಪ್ಪಟೆ ಕಾಲುಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಹೋಗುವುದಿಲ್ಲವಾದ್ದರಿಂದ ಒಂದು ಕನ್ವರ್ಟರ್ ಪ್ಲಗ್ ಯಾವಾಗಲೂ ಜೊತೆಗಿರುತ್ತದೆ. ಹೊನ್ನಾವರ, ಕುಮಟಾ ಕಡೆ ಬಂದರೆ ಬೇರೆ ಬಗೆಯವು: ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ರಾಜ್ಯ ಸರ್ಕಾರ ಹಂಚಿದವು, ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು, ಮಗಳು ಹೊಸದು ಕೊಂಡಾಗ ಅಪ್ಪನಿಗೆ ಬಿಟ್ಟುಹೋದದ್ದು. ಇಂಥವುಗಳಲ್ಲಿ ಎಷ್ಟೋ ಇಂದು ಝೆರಾಕ್ಸ್ ಅಂಗಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಹೊಟ್ಟೆಪಾಡಿನ ಕೆಲಸ ಮಾಡುತ್ತಿವೆ. ಬಹಳಷ್ಟರಲ್ಲಿ ಇರುವುದು 4 ಜಿಬಿ ರ‍್ಯಾಮ್.

ಜೂನ್ ತಿಂಗಳಲ್ಲಿ, ಕಾಲೇಜು ಸೇರುವವರೆಲ್ಲ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತಾಗ ಈ ಯಂತ್ರಗಳು ಮುಗ್ಗರಿಸುತ್ತವೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ. ಕೂತವರು "ಸರ್ವರ್ ಬಿಜಿ ಉಂಟು ಮಾರಾಯ್ರೆ, ಸ್ವಲ್ಪ ನಿಲ್ಲಿ" ಅನ್ನುತ್ತಾರೆ. ಮಾತು ಸುಳ್ಳಲ್ಲ, ಸರ್ವರ್ ನಿಜವಾಗಿಯೂ ಆಗಾಗ ಸೋಲುತ್ತದೆ. ಆದರೆ ಎಲ್ಲ ತಪ್ಪನ್ನೂ ಬೆಂಗಳೂರಿನ ಸರ್ವರಿನ ತಲೆಗೆ ಕಟ್ಟುವ ಮೊದಲು ಮೇಜಿನ ಮೇಲಿರುವುದನ್ನೂ ಒಮ್ಮೆ ವಿಚಾರಿಸಬೇಕು.

ವಿಚಾರಿಸುವುದು ಸುಲಭ. ಅದೇ ಪುಟವನ್ನು ಮೊಬೈಲಿನಲ್ಲಿ ತೆರೆಯಿರಿ. ಅಲ್ಲೂ ಚಕ್ರ ತಿರುಗಿದರೆ ಸರ್ವರೋ ನೆಟ್‌ವರ್ಕೋ ಕಾರಣ. ಮೊಬೈಲಿನಲ್ಲಿ ಸರಾಗವಾಗಿ ತೆರೆದುಕೊಂಡರೆ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಆರಿಸಿ. ಶೇಕಡಾ 80 ತುಂಬಿದೆ ಎಂದು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ರ‍್ಯಾಮ್ ಇರುವುದೇ ತುಂಬಿಸಿಕೊಳ್ಳಲಿಕ್ಕೆ. ನೋಡಬೇಕಾದದ್ದು 'ಕಮಿಟೆಡ್' ಎಂಬಲ್ಲಿನ ಮೊದಲ ಅಂಕಿ. ತೆರೆದಿಟ್ಟ ತಂತ್ರಾಂಶಗಳೆಲ್ಲ ಸೇರಿ ಕೇಳಿ ಪಡೆದಿರುವ ಜಾಗ ಅದು. ಯಂತ್ರದಲ್ಲಿರುವುದು 4 ಜಿಬಿ, ಕಮಿಟೆಡ್ ಅಂಕಿ ದಿನವಿಡೀ 6, 7 ಜಿಬಿ ತೋರಿಸುತ್ತಿದೆ ಎಂದಾದರೆ ರ‍್ಯಾಮ್ ಸಾಲುತ್ತಿಲ್ಲ. 3 ಜಿಬಿಯಲ್ಲೇ ನಿಂತಿದ್ದರೆ ಹೊಸ ರ‍್ಯಾಮಿಗೆ ಹಾಕುವ ದುಡ್ಡು ದಂಡ. ನಿಧಾನಕ್ಕೆ ಕಾರಣ ಬೇರೆಲ್ಲೋ ಇದೆ.

ರ‍್ಯಾಮ್ ಸಾಲದೆ ಬಂದಾಗ ಏನಾಗುತ್ತದೆ? ಇದನ್ನು ತಿಳಿಯಲು ರ‍್ಯಾಮಿನ ಒಳಗನ್ನು ಸ್ವಲ್ಪ ನೋಡಬೇಕು. ಇಂದಿನ ಕಂಪ್ಯೂಟರುಗಳಲ್ಲಿರುವ ಡಿ-ರ‍್ಯಾಮ್ ಅನ್ನು ರೂಪಿಸಿದವರು ಐಬಿಎಂನ ಎಂಜಿನಿಯರ್ ರಾಬರ್ಟ್ ಡೆನಾರ್ಡ್. ಅದರ ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟರಲ್ಲೇ ಒಂದು ಬಿಟ್. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ 1, ಇಲ್ಲದಿದ್ದರೆ 0. ತೊಡಕೆಂದರೆ ಆ ವಿದ್ಯುದಂಶ ತಾನಾಗಿಯೇ ಸೋರಿಹೋಗುತ್ತದೆ. ಹಾಗಾಗಿ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬುತ್ತಲೇ ಇರಬೇಕು. ಕರೆಂಟು ಹೋದರೆ ತುಂಬುವುದು ನಿಂತಿತು, ಬರೆದದ್ದು ಅಳಿಸಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಅರ್ಧ ತುಂಬಿಸಿದ ಅರ್ಜಿ ಮಾಯವಾಗುವುದು ಇದಕ್ಕೇ.

ಇಷ್ಟು ತಾಪತ್ರಯದ ವಸ್ತುವನ್ನು ಸಹಿಸಿಕೊಳ್ಳುವುದು ಅದರ ವೇಗಕ್ಕಾಗಿ. ರ‍್ಯಾಮಿನಿಂದ ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಲಕ್ಷಪಟ್ಟು. ರ‍್ಯಾಮಿನ ಸಮಯವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಂಡರೆ ಹಾರ್ಡ್‌ಡಿಸ್ಕ್ ಉತ್ತರ ಕೊಡುವುದು ಮರುದಿನ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಆದರೆ ಅದೇ ಲೆಕ್ಕದಲ್ಲಿ ಕಾಲು ಗಂಟೆ. ಈಗ, ರ‍್ಯಾಮ್ ತುಂಬಿದಾಗ ವಿಂಡೋಸ್ ಏನು ಮಾಡುತ್ತದೆಂದರೆ, ಸದ್ಯಕ್ಕೆ ಬೇಡವೆನಿಸಿದ್ದನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ. ನೀವು ಆ ಟ್ಯಾಬನ್ನು ಮತ್ತೆ ಒತ್ತಿದಾಗ ಅಲ್ಲಿಂದ ವಾಪಸ್ ತರುತ್ತದೆ. ಪ್ರಮಾಣಪತ್ರದ ಪುಟದಿಂದ ಸ್ಕ್ಯಾನರಿಗೆ, ಅಲ್ಲಿಂದ ವಾಟ್ಸಾಪ್ ವೆಬ್‌ಗೆ, ಮತ್ತೆ ಪ್ರಮಾಣಪತ್ರಕ್ಕೆ ಹಾರುವವರ ಯಂತ್ರ ಇಡೀ ದಿನ ಈ ಸಾಗಾಟದಲ್ಲೇ ಇರುತ್ತದೆ.

ಆದ್ದರಿಂದ ನನ್ನ ಸಲಹೆ, ಮೊದಲು ರ‍್ಯಾಮ್ ಏರಿಸಿ ಎನ್ನುವ ಕಂಪ್ಯೂಟರ್ ಅಂಗಡಿಯವರದ್ದಕ್ಕಿಂತ ಸ್ವಲ್ಪ ಬೇರೆ. ಯಂತ್ರದಲ್ಲಿ ಇನ್ನೂ ಹಾರ್ಡ್‌ಡಿಸ್ಕ್ ಇದ್ದು, ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಯಂತ್ರ ಏಳುವುದರಿಂದ ಹಿಡಿದು ಫೈಲ್ ತೆರೆಯುವವರೆಗೆ ಎಲ್ಲಕ್ಕೂ ಅದರಿಂದ ಉಪಯೋಗ. ರ‍್ಯಾಮ್ ಎರಡನೆಯದು. ಎಸ್‌ಎಸ್‌ಡಿ ಆಗಲೇ ಇದ್ದು, ಕಮಿಟೆಡ್ ಅಂಕಿ ಮೇಲೇ ಇದ್ದರೆ ಆಗ 8 ಜಿಬಿಗೆ ಏರಿಸಿ. ಕನ್ನಡ ಟೈಪಿಂಗ್, ಬ್ರೌಸರು, ಟ್ಯಾಲಿ ಇಷ್ಟೇ ಕೆಲಸವಾದರೆ 16 ಜಿಬಿ ಬರೀ ಶೋಕಿ.

ಕೊಳ್ಳುವ ಮೊದಲು ಅದೇ ಟಾಸ್ಕ್ ಮ್ಯಾನೇಜರನ್ನು ಇನ್ನೊಮ್ಮೆ ನೋಡಿ. 'ಸ್ಲಾಟ್ಸ್ ಯೂಸ್ಡ್' ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದರೆ ಭಾಗ್ಯ, ಖಾಲಿ ಸ್ಲಾಟಿಗೆ ಇನ್ನೊಂದು ಸೇರಿಸಿದರಾಯಿತು. ಎರಡೂ ಕಡೆ ಸಮಾನ ರ‍್ಯಾಮ್ ಇದ್ದರೆ ಯಂತ್ರ ಎರಡರಿಂದಲೂ ಒಟ್ಟಿಗೆ ಓದುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಇದೇ ರ‍್ಯಾಮಿನಲ್ಲಿ ಪಾಲು ಕೇಳುವುದರಿಂದ ಅದಕ್ಕೂ ಲಾಭ. 'ಫಾರ್ಮ್ ಫ್ಯಾಕ್ಟರ್' ಎಂಬಲ್ಲಿ 'ರೋ ಆಫ್ ಚಿಪ್ಸ್' ಎಂದು ಬಂದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಸಾಧ್ಯತೆ ಹೆಚ್ಚು. ತೆಳ್ಳಗಿನ ಮಾಡೆಲ್‌ಗಳ ಪಾಡು ಹೆಚ್ಚಾಗಿ ಇದೇ. ಖಾಲಿ ಸ್ಲಾಟ್ ಬೇರೆ ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ನಂತರ ಜಾತಿ ನೋಡಬೇಕು. ಲ್ಯಾಪ್‌ಟಾಪಿನ ಡಿಡಿಆರ್3 ತುಂಡಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ತಪ್ಪು ತುಂಡು ಸ್ಲಾಟಿಗೆ ಕೂರುವುದೇ ಇಲ್ಲ. ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡಕ್ಕೂ ಪಿನ್ನು, ಕಚ್ಚು ಒಂದೇ. ವೋಲ್ಟೇಜು ಮಾತ್ರ ಬೇರೆ. ಮೊದಲನೆಯದಕ್ಕೆ 1.5 ವೋಲ್ಟ್, ಎರಡನೆಯದಕ್ಕೆ 1.35. 2013ರ ಆಚೆಗಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ 1.35 ಅನ್ನು ಮಾತ್ರ ಒಪ್ಪುತ್ತವೆ. ಸಾದಾ ಡಿಡಿಆರ್3 ಹಾಕಿದರೆ ಸರಿಯಾಗಿಯೇ ಕೂರುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಲೇಬಲ್ಲಿನಲ್ಲಿ 'ಪಿಸಿ3ಎಲ್-12800' ಎಂಬ ಬರಹದ ಎಲ್ ಅಕ್ಷರವನ್ನು ಕಣ್ಣಿಟ್ಟು ನೋಡಿ.

ಇನ್ನೊಂದು ಲೆಕ್ಕ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್ ಮಾತ್ರ, ಆದರೆ ಪ್ರೊಸೆಸರಿನ ವಿಷಯದಲ್ಲಿ ಅದು ಬಹಳ ಕಟ್ಟುನಿಟ್ಟು. ಇಂಟೆಲ್‌ನ ಆರನೇ ತಲೆಮಾರಿನ ಯಂತ್ರಕ್ಕೆ ಎಷ್ಟು ರ‍್ಯಾಮ್ ತುಂಬಿದರೂ ವಿಂಡೋಸ್ 11ರ ಪಟ್ಟಿಯಲ್ಲಿ ಜಾಗವಿಲ್ಲ. ಅಂಥದ್ದಕ್ಕೆ ಲಿನಕ್ಸ್ ಮಿಂಟ್ ಹಾಕಿ ಬಳಸುವ ಮನಸ್ಸಿದ್ದರೆ ಮಾತ್ರ ಖರ್ಚು ಮಾಡಿ.

ಬೆಲೆಯ ಮಾತು ಬಂದರೆ ಕಾಲ ಚೆನ್ನಾಗಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ದರ ಎಲ್ಲೆಡೆ ಏರಿತು. ಕ್ರೂಷಿಯಲ್ ಹೆಸರಿನಲ್ಲಿ ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ ಅದೇ ಡಿಸೆಂಬರಿನಲ್ಲಿ ಹೇಳಿತು. ಹೀಗಿರುವಾಗ ಅಟ್ಟದ ಮೇಲೆ ಸತ್ತು ಬಿದ್ದಿರುವ ಲ್ಯಾಪ್‌ಟಾಪಿಗೂ ಬೆಲೆಯುಂಟು. ಅದರ ಪರದೆ ಒಡೆದಿರಬಹುದು, ರ‍್ಯಾಮ್ ಎಷ್ಟೋ ಸಲ ಬದುಕಿಯೇ ಇರುತ್ತದೆ. ನೆಂಟರಿಷ್ಟರ ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಹಾಕುವ ಕೆಲಸ ಕಷ್ಟದ್ದಲ್ಲ. ಶಟ್‌ಡೌನ್ ಮಾಡಿ ಚಾರ್ಜರ್ ಕೀಳಿ. ಬ್ಯಾಟರಿ ಹೊರಗಿದ್ದರೆ ತೆಗೆಯಿರಿ, ಒಳಗಿದ್ದರೆ ಮುಚ್ಚಳ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಹೋಗುತ್ತದೆ. ಹೊಸ ತುಂಡನ್ನು ಓರೆಯಾಗಿ ಸ್ಲಾಟಿನೊಳಗೆ ಪೂರ್ತಿ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ಪುಗಳು ಟಕ್ಕೆಂದು ಕಚ್ಚಿಕೊಳ್ಳುತ್ತವೆ. ಮೊದಲ ಸಲ ಯಂತ್ರ ಏಳಲು ತಡವಾದರೆ ಗಾಬರಿಯಾಗಬೇಡಿ. ಹೊಸ ರ‍್ಯಾಮಿನ ಪರಿಚಯ ಮಾಡಿಕೊಳ್ಳಲು ಅದಕ್ಕೂ ಸಮಯ ಬೇಕು.

ಕರಾವಳಿಗೆ ಮಾತ್ರ ಒಂದು ಪ್ರತ್ಯೇಕ ಮಾತು ಹೇಳಲೇಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಉಳಿದ ದಿನಗಳಲ್ಲಿ ಉಪ್ಪು ಗಾಳಿ. ಒಣ ಸೀಮೆಯಲ್ಲಿ ಬಟ್ಟೆಯ ಸ್ಥಾಯೀ ವಿದ್ಯುತ್ತು ರ‍್ಯಾಮಿಗೆ ದೊಡ್ಡ ಶತ್ರುವಾದರೆ ಇಲ್ಲಿಯ ಶತ್ರು ತೇವ. ರ‍್ಯಾಮಿನ ಪಿನ್ನಿಗೆ ಚಿನ್ನದ ಲೇಪವಿದೆ, ನಿಜ; ಆದರೆ ಅದು ಬಹಳ ತೆಳು, ಸವೆದ ಕಡೆ ಒಳಗಿನ ಲೋಹಕ್ಕೆ ಕಿಲುಬು ಹತ್ತುತ್ತದೆ. ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಏಕಾಏಕಿ ಬೀಪ್ ಹೊಡೆದು ಪರದೆ ಕಪ್ಪಾದರೆ ಎಷ್ಟೋ ಸಲ ರ‍್ಯಾಮ್ ಕೆಟ್ಟಿರುವುದಿಲ್ಲ, ಪಿನ್ನು ಕಿಲುಬಿರುತ್ತದೆ. ರಿಪೇರಿಯವರು ತುಂಡನ್ನು ತೆಗೆದು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುತ್ತಾರೆ, ಯಂತ್ರ ಎದ್ದು ಕೂರುತ್ತದೆ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಾದರೆ ಅಡ್ಡಿಯಿಲ್ಲ, ಇಂಕ್ ಅಳಿಸುವ ಒರಟು ರಬ್ಬರು ಇದ್ದ ಚಿನ್ನವನ್ನೂ ಕೆರೆದುಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಿದ ಮೇಲೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಎಸಿ ಕೋಣೆಯಿಂದ ಹೊರತಂದ ತಣ್ಣನೆಯ ಯಂತ್ರವನ್ನು ಜುಲೈ ತಿಂಗಳ ಹವೆಯಲ್ಲಿ ಕೂಡಲೇ ಬಿಚ್ಚಬೇಡಿ. ಬೋರ್ಡಿನ ಮೇಲೆ ಕಣ್ಣಿಗೆ ಕಾಣದಂತೆ ನೀರು ಕೂರುತ್ತದೆ.

ರ‍್ಯಾಮ್ ಹಾಕಿಸಿದ ದಿನವೇ ವಿಂಡೋಸಿನ ಮೆಮೊರಿ ಡಯಾಗ್ನೊಸ್ಟಿಕ್ ಪರೀಕ್ಷೆ ನಡೆಸಿ. ಪುರುಸೊತ್ತಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್86+ ಓಡಲಿ. ಒಂದೇ ಒಂದು ತಪ್ಪು ತೋರಿಸಿದರೂ ಆ ತುಂಡನ್ನು ಹಿಂದಿರುಗಿಸಿ. ಆಗೊಮ್ಮೆ ಈಗೊಮ್ಮೆ ತಪ್ಪುವ ರ‍್ಯಾಮು ಪೂರ್ತಿ ಸತ್ತದ್ದಕ್ಕಿಂತ ಅಪಾಯ, ಏಕೆಂದರೆ ಫೈಲುಗಳು ಸದ್ದಿಲ್ಲದೆ ಕೆಡುತ್ತವೆ. ಮತ್ತೆ, ತೆಗೆದ ಹಳೆಯ ತುಂಡನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಮುಂದೆ ಯಂತ್ರ ಏಳದ ದಿನ ತಪ್ಪು ಹೊಸ ರ‍್ಯಾಮಿನದೋ ಬೋರ್ಡಿನದೋ ಎಂದು ತಿಳಿಯಲು ಅದನ್ನೇ ಹಾಕಿ ನೋಡಬೇಕಾಗುತ್ತದೆ.