ಅಭಿಮಾನಿಯ ಮಾತು

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆ ಎಂಬ ಗ್ರಾಮವಿದೆ. 1997ರವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಇದು ಮಳೆಯನ್ನೇ ನೆಚ್ಚಿದ ಸೀಮೆ. ಮೇಲಿಂದ ಮೇಲೆ ಬರವನ್ನು ಕಂಡ ಸೀಮೆ. ಬೆಳೆ ಕೈಗೆ ಬಂದ ವರ್ಷ ಇಲ್ಲಿನ ಜಾತ್ರೆಗಳ ಕಳೆಯೇ ಬೇರೆ. ತೇರಿನ ಬಯಲಲ್ಲಿ ತಿರುಗುವ ತೊಟ್ಟಿಲು, ಬಣ್ಣದ ಕುದುರೆಗಳ ಚಕ್ರ, ಬೆಂಡು ಬತ್ತಾಸಿನ ಅಂಗಡಿ, ರಾತ್ರಿಯಾದರೆ ನಾಟಕ. ದುಡಿದು ದಣಿದ ಜನ ಒಂದು ದಿನದ ಮಟ್ಟಿಗೆ ಬೇರೊಂದು ಲೋಕಕ್ಕೆ ಹೋಗಿ ಬರುತ್ತಾರೆ. ಆದರೆ ಜಾತ್ರೆಯ ಸಂತೋಷ ಜಾತ್ರೆಯ ದಿನವೇ ಹುಟ್ಟುವುದಿಲ್ಲ. ‘ಈ ಸಲ ಹೊಸ ತೊಟ್ಟಿಲು ಬರುತ್ತದಂತೆ’ ಎಂಬ ಸುದ್ದಿ ಕಿವಿಗೆ ಬಿದ್ದಂದೇ ಅದು ಮಕ್ಕಳ ಮನಸ್ಸಿನಲ್ಲಿ ಮೊಳೆಯುತ್ತದೆ.

ವೃತ್ತಿ ನಾಟಕ ಮಂಡಳಿಗಳು ಈ ರಹಸ್ಯವನ್ನು ಚೆನ್ನಾಗಿ ಅರಿತಿದ್ದವು. ಚಿಂದೋಡಿ ವೀರಪ್ಪನವರ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ ದಾವಣಗೆರೆಯದು. ಚಿಂದೋಡಿ ಲೀಲಾ ಅವರು ಅದೇ ಕಂಪನಿಯ ಮೂಲಕ ಹೆಸರಾದ ಕಲಾವಿದೆ. ಇಂಥ ಕಂಪನಿಗಳ ಕಾಲದಲ್ಲಿ ಊರಿಗೆ ನಾಟಕ ಬರುವುದಕ್ಕೆ ಮೊದಲು ಅದರ ಹಸ್ತಪತ್ರಿಕೆ ಬರುತ್ತಿತ್ತು. ಬಂಡಿಯಲ್ಲಿ ಕುಳಿತವನು ಕೂಗಿ ಹೇಳಿ ಬಣ್ಣದ ಕಾಗದಗಳನ್ನು ತೂರಿದರೆ ಮಕ್ಕಳು ಹಿಂದೆ ಓಡಿ ಆರಿಸಿಕೊಳ್ಳುತ್ತಿದ್ದರು. ಅರಳಿಕಟ್ಟೆಯ ಮೇಲೆ ಅದನ್ನು ಓದಿ ಹೇಳುವವನೊಬ್ಬ, ‘ಇದನ್ನು ಹೋದ ವರ್ಷವೇ ಕಂಡಿದ್ದೇವೆ’ ಎಂದು ಮೂಗು ಮುರಿಯುವವನೊಬ್ಬ, ‘ನೋಡದೆ ಆಡಬೇಡ’ ಎಂದು ಅವನ ಬಾಯಿ ಮುಚ್ಚಿಸುವವನೊಬ್ಬ. ಹೀಗೆ ನಾಟಕದ ಮೊದಲ ವಿಮರ್ಶೆ ಪರದೆ ಏಳುವ ಮೊದಲೇ ನಡೆದುಹೋಗುತ್ತಿತ್ತು. ಪರದೆ ಎದ್ದ ಮೇಲಂತೂ ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಎಂಬ ಕೂಗು, ಮೆಚ್ಚದ ದೃಶ್ಯಕ್ಕೆ ಸಿಳ್ಳು. ನಟ ಮತ್ತು ನೋಡುಗ ಇಬ್ಬರೂ ಒಂದೇ ದೀಪದ ಬೆಳಕಿನಲ್ಲಿ ಎದುರುಬದುರಾಗಿ ಇರುತ್ತಿದ್ದರು.

ಹೊಸದೊಂದನ್ನು ಕಟ್ಟುವವರು ಅದರ ಚಿತ್ರವನ್ನು ಮೊದಲೇ ತೋರಿಸುವುದು, ಆ ಚಿತ್ರವನ್ನು ಕಂಡ ಜನ ಮನಬಿಚ್ಚಿ ಮಾತಾಡುವುದು, ಇದು ಇಂದು ನಿನ್ನೆಯ ಸಂಗತಿಯಲ್ಲ. ಕಾಲ ಬದಲಾದಂತೆ ಆ ಚಿತ್ರ ಕಾಗದದಿಂದ ಬೆಳ್ಳಿಪರದೆಗೆ, ಬೆಳ್ಳಿಪರದೆಯಿಂದ ದೂರದರ್ಶನದ ಪೆಟ್ಟಿಗೆಗೆ, ಅಲ್ಲಿಂದ ಅಂಗೈಯಲ್ಲಿ ಅಡಗುವ ಮೊಬೈಲಿಗೆ ಬಂದಿದೆ. ವಿಹಾರಕ್ಕೆಂದೇ ನಿರ್ಮಿಸಿದ ಉದ್ಯಾನಗಳ ಕಥೆಯಲ್ಲಿ ಈ ಬದಲಾವಣೆಯನ್ನು ಸ್ಪಷ್ಟವಾಗಿ ಕಾಣಬಹುದು.

ಕನ್ನಡಿಗರಿಗೆ ಅಂಥ ಉದ್ಯಾನವೆಂದರೆ ಮೊದಲು ನೆನಪಾಗುವುದು ಬೃಂದಾವನ. ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕಟ್ಟೆ ಏಳುತ್ತಿದ್ದ ಕಾಲದಲ್ಲಿ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಅದರ ಕೆಳಗಿನ ಬಯಲನ್ನು ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ರೂಪಿಸಬೇಕೆಂದು ಬಯಸಿದರು. 1927ರಲ್ಲಿ ಆರಂಭವಾದ ಕೆಲಸ 1932ರ ವೇಳೆಗೆ ಮುಗಿಯಿತು. ಲಾಲ್‌ಬಾಗಿನ ಬೆಳವಣಿಗೆಗೆ ದುಡಿದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು ಈ ತೋಟದ ವಿನ್ಯಾಸದಲ್ಲಿಯೂ ಪಾಲುಗೊಂಡರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸುರು, ನಡುವೆ ಹರಿಯುವ ನೀರು, ಸಂಜೆಯಾದರೆ ಬಣ್ಣದ ದೀಪಗಳಲ್ಲಿ ಕುಣಿಯುವ ಕಾರಂಜಿ. ಅನೇಕ ಭಾಷೆಗಳ ಚಲನಚಿತ್ರಗಳ ಹಾಡುಗಳನ್ನು ಇಲ್ಲಿ ಚಿತ್ರಿಸಿದರು. ಮೈಸೂರನ್ನು ಕಾಣದ ದೂರದ ಹಳ್ಳಿಯವರೂ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕುಳಿತು ಬೃಂದಾವನವನ್ನು ಕಂಡರು. ಆ ಹಾಡುಗಳೇ ಉದ್ಯಾನಕ್ಕೆ ದೊಡ್ಡ ಪ್ರಚಾರವಾದವು. ಮುಂದೆ ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋದ ಮಕ್ಕಳು ಮೊದಲು ಹುಡುಕಿದ್ದು ಹೂವನ್ನಲ್ಲ; ಸಿನಿಮಾದಲ್ಲಿ ಕಂಡ ಮೆಟ್ಟಿಲುಗಳನ್ನು! 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದ ಮೇಲೆ ಶಾಲಾ ಪ್ರವಾಸಗಳಿಗೆ ಇನ್ನೊಂದು ನಿಲ್ದಾಣ ದೊರೆಯಿತು.

ನಿರ್ಮಾಪಕನೇ ಜನರ ಮುಂದೆ ನಿಂತು ತನ್ನ ಉದ್ಯಾನದ ಕನಸನ್ನು ಬಿಚ್ಚಿ ತೋರಿದ ಪ್ರಸಿದ್ಧ ಉದಾಹರಣೆ ಅಮೆರಿಕೆಯದು. 1954ರ ಅಕ್ಟೋಬರ್ 27ರಂದು ವಾಲ್ಟ್ ಡಿಸ್ನಿ ದೂರದರ್ಶನದಲ್ಲಿ ಹೊಸ ಕಾರ್ಯಕ್ರಮವೊಂದನ್ನು ಆರಂಭಿಸಿದನು. ಕ್ಯಾಲಿಫೋರ್ನಿಯದ ಅನಾಹೈಮ್ ಎಂಬಲ್ಲಿ ತಾನು ಕಟ್ಟಲಿರುವ ಡಿಸ್ನಿಲ್ಯಾಂಡಿನ ನಕ್ಷೆಯನ್ನೂ ಮಾದರಿಗಳನ್ನೂ ಅದರಲ್ಲಿ ತೋರಿಸಿದನು. ಮನೆಮನೆಯ ಮಕ್ಕಳು ಇನ್ನೂ ಕಟ್ಟದ ಲೋಕಕ್ಕೆ ಮನಸೋತರು. ಆದರೆ 1955ರ ಜುಲೈ 17ರಂದು ಬಾಗಿಲು ತೆರೆದಾಗ ಎಲ್ಲವೂ ಚಿತ್ರದಂತೆ ಇರಲಿಲ್ಲ. ನಕಲಿ ಟಿಕೆಟ್ಟು ಹಿಡಿದವರೂ ಒಳನುಗ್ಗಿ ಜನಸಂದಣಿ ಮಿತಿಮೀರಿತು. ಬಿಸಿಲಿನ ತಾಪಕ್ಕೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿ ಅದರಲ್ಲಿ ಹೂತುಕೊಂಡಿತು. ಕುಡಿಯುವ ನೀರಿನ ನಲ್ಲಿಗಳೇ ಸಾಲದಾದವು.

ತಂಪು ಪಾನೀಯ ಮಾರುವ ದುರಾಸೆಯಿಂದಲೇ ನಲ್ಲಿಗಳನ್ನು ಹಾಕಿಸಿಲ್ಲವೆಂದು ಜನ ದೂರಿದರು. ನಿಜ ಬೇರೆಯಾಗಿತ್ತು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ, ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಒಂದನ್ನೇ ಸಕಾಲಕ್ಕೆ ಸಿದ್ಧಪಡಿಸಲು ಸಾಧ್ಯವಿತ್ತು. ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡಿದ್ದನು. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ‘ಕುಡಿಯಲು ನೀರಿಲ್ಲ’ ಎಂಬುದು ಕಂಡ ಕೊರತೆ. ಅದನ್ನು ಹೇಳಲು ಬಾಯಾರಿದವನಿಗೆ ಪೂರ್ಣ ಹಕ್ಕಿತ್ತು. ‘ದುರಾಸೆಯಿಂದ ಹೀಗೆ ಮಾಡಿದ್ದಾರೆ’ ಎಂಬುದು ಊಹೆ, ಅದಕ್ಕೆ ಆಧಾರವಿರಲಿಲ್ಲ. ಟೀಕೆಯ ಮಾತಿನಲ್ಲಿ ಈ ಎರಡೂ ಬೆರೆತು ಬರುವುದೇ ಹೆಚ್ಚು. ಇಷ್ಟಾದರೂ ಜನ ಡಿಸ್ನಿಲ್ಯಾಂಡಿನ ಕೈ ಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ಅಲ್ಲಿಗೆ ಬಂದವರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

ಇಂದು ಇಂಥ ಉದ್ಯಾನಗಳನ್ನು ರೂಪಿಸುವುದೇ ಒಂದು ದೊಡ್ಡ ವೃತ್ತಿಯಾಗಿದೆ. ಚಿತ್ರಕಾರರು, ಶಿಲ್ಪಿಗಳು, ಎಂಜಿನಿಯರುಗಳು, ಕಥೆಗಾರರು, ತೋಟಗಾರರು ವರ್ಷಗಟ್ಟಲೆ ಕೂಡಿ ದುಡಿದರೆ ಒಂದು ಆಟದ ಯಂತ್ರ, ಅದರ ಸುತ್ತಲಿನ ಒಂದು ಕಲ್ಪಿತ ಲೋಕ ಸಿದ್ಧವಾಗುತ್ತದೆ. ಹಿಂದೆ ಅವರ ಹೆಸರು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಈಗ ಅವರು ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ರೇಖಾಚಿತ್ರವನ್ನೋ ಅರ್ಧ ಮುಗಿದ ಗೊಂಬೆಯನ್ನೋ ತಾವೇ ತೋರಿಸುತ್ತಾರೆ. ಆ ಚಿತ್ರದ ಹಿಂದೆ ಕಲಾವಿದನ ಸಹಜವಾದ ಉತ್ಸಾಹವಿರುತ್ತದೆ. ಟಿಕೆಟ್ಟು ಮಾರಬೇಕಾದ ಸಂಸ್ಥೆಯ ಲೆಕ್ಕಾಚಾರವೂ ಇರುತ್ತದೆ. ಎರಡನ್ನೂ ತಿಳಿದು ನೋಡುವುದು ಜಾಣತನ. ಚಿತ್ರ ಪ್ರಕಟವಾದ ಗಳಿಗೆಯಿಂದಲೇ ಅಭಿಮಾನಿಗಳ ಉತ್ತರಗಳು ಸಾಲುಗಟ್ಟುತ್ತವೆ. ಒಬ್ಬನು ಹಿಗ್ಗುತ್ತಾನೆ, ಮತ್ತೊಬ್ಬನು ಗೋಡೆಯ ಬಣ್ಣ ಸರಿಯಿಲ್ಲವೆನ್ನುತ್ತಾನೆ, ಇನ್ನೊಬ್ಬನು, ತೋರಿಸಿದ ವಸ್ತುವನ್ನು ಬಿಟ್ಟು ತೋರಿಸದ ವಸ್ತುವಿನ ಬಗೆಗೆ ಕೇಳುತ್ತಾನೆ.

ಜೋ ರೋಡಿ ಎಂಬ ವಿನ್ಯಾಸಕಾರನ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. ಫ್ಲಾರಿಡಾದಲ್ಲಿ 1998ರಲ್ಲಿ ತೆರೆದ, ಪ್ರಾಣಿಲೋಕವನ್ನು ಕುರಿತ ಡಿಸ್ನಿ ಉದ್ಯಾನದ ಮುಖ್ಯ ಶಿಲ್ಪಿ ಈತ. 2006ರಲ್ಲಿ ಅಲ್ಲಿ ಹಿಮಾಲಯವನ್ನು ಹೋಲುವ ಕೃತಕ ಪರ್ವತವೊಂದು ಸಿದ್ಧವಾಯಿತು. ಅದರ ಕತ್ತಲೆಯಲ್ಲಿ ಧುಮುಕುವ ರೈಲಿನ ಮೇಲೆ ದೈತ್ಯಾಕಾರದ ಹಿಮಮಾನವನೊಬ್ಬ ಕೈ ಬೀಸಿ ಎರಗಬೇಕು. ಉದ್ಘಾಟನೆಯಾದ ಕೆಲವೇ ಕಾಲದಲ್ಲಿ ಆ ಬೃಹತ್ ಯಂತ್ರ ಚಲನೆಯನ್ನು ನಿಲ್ಲಿಸಿತು. ಬಳಿಕ ಮಿನುಗುವ ದೀಪಗಳ ಬೆಳಕಿನಿಂದಲೇ ಅದು ಚಲಿಸುವಂತೆ ಭ್ರಮೆ ಹುಟ್ಟಿಸಬೇಕಾಯಿತು. ಅಭಿಮಾನಿಗಳು ಅದನ್ನು ಮರೆಯಲಿಲ್ಲ. ಹಿಮಮಾನವನ ಕುಂದು ಅವರ ನಡುವೆ ಒಂದು ಹಾಸ್ಯದ ಮಾತಾಯಿತು. 2013ರಲ್ಲಿ ಜೋ ರೋಡಿ ಅದನ್ನು ಎಂದಾದರೊಂದು ದಿನ ಸರಿಪಡಿಸುವುದಾಗಿ ಸಭೆಯಲ್ಲಿ ಮಾತುಕೊಟ್ಟನು. ನಲವತ್ತು ವರ್ಷಗಳ ಸೇವೆಯ ಬಳಿಕ 2021ರ ಜನವರಿಯಲ್ಲಿ ಆತ ನಿವೃತ್ತನಾದಾಗಲೂ ಹಿಮಮಾನವನು ನಿಂತಂತೆಯೇ ನಿಂತಿದ್ದನು. ದುರಸ್ತಿ ಒಬ್ಬ ಕಲಾವಿದನ ಮನಸ್ಸಿನಿಂದಷ್ಟೇ ಆಗುವ ಕೆಲಸವಲ್ಲ. ಅದಕ್ಕೆ ಹಣ ಬೇಕು, ಕಾಲ ಬೇಕು, ಮೇಲಿನವರ ಒಪ್ಪಿಗೆ ಬೇಕು. ಆದರೆ ಕಣ್ಣಿಗೆ ಕಾಣುವವನು ಕಲಾವಿದ. ಒಪ್ಪಿಗೆ ನೀಡಬೇಕಾದವರು ಮರೆಯಲ್ಲಿರುತ್ತಾರೆ. ಆದುದರಿಂದ ಪ್ರಶ್ನೆಗಳೆಲ್ಲ ಕಲಾವಿದನ ಬಾಗಿಲಿಗೇ ಬಂದು ನಿಲ್ಲುತ್ತವೆ.

ಕೆಲವೊಮ್ಮೆ ಅಭಿಮಾನಿಗಳ ಮಾತು ಹಾಸ್ಯಕ್ಕೆ ನಿಲ್ಲದೆ ಕಲಹವಾಗುವುದುಂಟು. ಡಿಸ್ನಿ ಉದ್ಯಾನಗಳಲ್ಲಿ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ನೀರಿನ ಜಾರುಯಾನವಿತ್ತು. ಕ್ಯಾಲಿಫೋರ್ನಿಯದಲ್ಲಿ 1989ರಲ್ಲಿ ಆರಂಭವಾದ ಅದು 1946ರ ಒಂದು ಚಲನಚಿತ್ರದ ಪಾತ್ರಗಳನ್ನು ಆಧರಿಸಿತ್ತು. ಕಪ್ಪು ಜನರ ದಾಸ್ಯದ ನೆನಪಿನ ನೋವನ್ನು ಮರೆಮಾಚಿ, ಅಂದಿನ ತೋಟಗಳ ಬದುಕನ್ನು ಅಂದಗೊಳಿಸಿ ತೋರಿದೆಯೆಂಬ ಆಕ್ಷೇಪಕ್ಕೆ ಆ ಚಿತ್ರ ಬಹುಕಾಲದಿಂದ ಗುರಿಯಾಗಿತ್ತು. 2020ರ ಜೂನ್ ತಿಂಗಳಲ್ಲಿ ಸಂಸ್ಥೆಯು ಆ ಕಥೆಯನ್ನು ತೆಗೆದು, ತನ್ನ ಚಿತ್ರಗಳ ಮೊದಲ ಕಪ್ಪು ರಾಜಕುಮಾರಿಯಾದ ಟಿಯಾನಾಳ ಕಥೆಯನ್ನು ಅಳವಡಿಸುವುದಾಗಿ ಪ್ರಕಟಿಸಿತು. ಬದಲಾವಣೆಯನ್ನು ಬೇಡಿ ಸಹಿ ಹಾಕಿದವರಂತೆಯೇ, ಬೇಡವೆಂದು ಸಹಿ ಹಾಕಿದವರೂ ಇದ್ದರು. ತಮ್ಮನ್ನು ಹೀನವಾಗಿ ಕಂಡ ಕಥೆ ತೊಲಗಿತೆಂದು ಕೆಲವರು ನೆಮ್ಮದಿಯ ಉಸಿರುಬಿಟ್ಟರೆ, ತಮ್ಮ ಬಾಲ್ಯದ ನೆನಪೊಂದು ಅಳಿಸಿಹೋಯಿತೆಂದು ಕೆಲವರು ಮರುಗಿದರು. ವಿನ್ಯಾಸಕಾರರು ಹೊಸ ಚಿತ್ರವೊಂದನ್ನು ತೋರಿಸಿದಾಗಲೆಲ್ಲ ಈ ವಾದ ಮತ್ತೆ ಹೊತ್ತಿಕೊಳ್ಳುತ್ತಿತ್ತು. 2023ರ ಜನವರಿಯಲ್ಲಿ ಫ್ಲಾರಿಡಾದ ಯಾನ ಮುಚ್ಚಿದಾಗ, ಅದರ ನೀರನ್ನು ಸೀಸೆಗಳಲ್ಲಿ ತುಂಬಿ ಸ್ಮರಣಿಕೆಯೆಂದು ಮಾರಾಟಕ್ಕಿಟ್ಟವರೂ ಕಂಡುಬಂದರು! ಕೊಡ ನೀರಿಗೆ ಮೈಲಿ ನಡೆದ ಹಿರಿಯರಿರುವ ಸೀಮೆಯಲ್ಲಿ ಈ ಸುದ್ದಿಯನ್ನು ಕೇಳಿದವರು ನಗಬಹುದು. ಆದರೂ ಒಂದು ಸ್ಥಳದ ಮೇಲಣ ಮಮತೆ ಮನುಷ್ಯನಿಂದ ಏನನ್ನೆಲ್ಲ ಮಾಡಿಸುತ್ತದೆಂಬುದಕ್ಕೆ ಅದು ಸಾಕ್ಷಿ. 2024ರ ಜೂನ್‌ನಲ್ಲಿ ಹೊಸ ಯಾನ ಆರಂಭವಾಯಿತು.

‘ಅಭಿಮಾನ’ ಎಂಬ ಶಬ್ದವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಕನ್ನಡದಲ್ಲಿ ಅದಕ್ಕೆ ಪ್ರೀತಿಯೆಂಬ ಅರ್ಥವುಂಟು. ಹೆಮ್ಮೆ, ಅಹಂಕಾರ ಎಂಬ ಅರ್ಥವೂ ಉಂಟು. ವರನಟ ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಕಲಾವಿದನಾಡಿದ ಆ ಮಾತಿನಲ್ಲಿ ವಿನಯವಿತ್ತು. ಅದನ್ನು ಕೇಳಿಸಿಕೊಂಡ ಅಭಿಮಾನಿಯು ತಾನು ನಿಜವಾಗಿಯೂ ದೇವರೆಂದು ಭಾವಿಸಿದರೆ ತೊಂದರೆ ಆರಂಭವಾಗುತ್ತದೆ. ‘ಇದನ್ನು ಪ್ರೀತಿಸುತ್ತೇನೆ’ ಎಂಬುದು ‘ಇದು ನನ್ನದು’ ಎಂದಾಗಿ, ಕೊನೆಗೆ ‘ನನ್ನ ಮಾತಿನಂತೆಯೇ ಇರಬೇಕು’ ಎಂಬ ಹಟವಾಗಿ ಮಾರ್ಪಡುತ್ತದೆ. ನಾಟಕದ ಡೇರೆಯಲ್ಲಿ ಸಿಳ್ಳು ಹಾಕಿದವನಿಗೆ ನಟನ ಬಾಡಿದ ಮುಖ ಕಾಣುತ್ತಿತ್ತು. ಮರುದಿನ ಬೀದಿಯಲ್ಲಿ ಆ ನಟ ಎದುರಾದರೆ ಅವನು ತಲೆ ತಗ್ಗಿಸಬೇಕಾಗುತ್ತಿತ್ತು. ಮೊಬೈಲಿನಲ್ಲಿ ಬರೆಯುವವನಿಗೆ ಯಾವ ಮುಖವೂ ಕಾಣದು. ಎದುರಿಗೆ ಆಡಲು ನಾಚುವ ಮಾತನ್ನು ಬೆರಳು ನಾಚದೆ ಬರೆದುಬಿಡುತ್ತದೆ.

ಹಾಗೆಂದು ನಿರ್ಮಾಪಕರು ತೋರಿಸಿದ ಚಿತ್ರಕ್ಕೆಲ್ಲ ಕೈ ಮುಗಿಯಬೇಕೆಂದು ಅರ್ಥವಲ್ಲ. ಇದಕ್ಕೆ ಮತ್ತೆ ಬೃಂದಾವನವೇ ಉದಾಹರಣೆ. 2018ರಲ್ಲಿ ಕೃಷ್ಣರಾಜಸಾಗರದ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನವನ್ನೂ 125 ಅಡಿ ಎತ್ತರದ ಕಾವೇರಿ ಮಾತೆಯ ಪ್ರತಿಮೆಯನ್ನೂ ನಿರ್ಮಿಸುವ ಯೋಜನೆಯನ್ನು ರಾಜ್ಯ ಸರ್ಕಾರ ಮುಂದಿಟ್ಟಿತು. ಪ್ರವಾಸಿಗರು ಹೆಚ್ಚುತ್ತಾರೆ, ಸುತ್ತಲಿನ ಯುವಕರಿಗೆ ಉದ್ಯೋಗ ದೊರೆಯುತ್ತದೆ ಎಂದು ಕೆಲವರು ಹರ್ಷಿಸಿದರು. ಮಂಡ್ಯ ಸೀಮೆಯ ರೈತ ಸಂಘಟನೆಗಳು ವಿರೋಧಿಸಿದವು. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯನ್ನು ಅವರು ಎತ್ತಿದರು. ಉದ್ಯಾನದ ಯೋಜನೆ ಮತ್ತೆ ತಲೆಯೆತ್ತಿ 2025ರಲ್ಲಿ ಚರ್ಚೆಗೆ ಬಂದಾಗಲೂ ವಿರೋಧದ ದನಿ ಮರಳಿ ಕೇಳಿಬಂತು. ಆ ಕಟ್ಟೆಯ ನೀರನ್ನು ನಂಬಿ ಗದ್ದೆಯಲ್ಲಿ ಕಬ್ಬು, ಭತ್ತ ಬೆಳೆಯುವವರಿಗೆ ಅದು ನೋಟದ ವಸ್ತುವಲ್ಲ, ಅನ್ನದ ಮೂಲ. ಉದ್ಯಾನವನ್ನು ಬಯಸಿದವರನ್ನು ಮರುಳರೆನ್ನುವುದಾಗಲಿ, ಪ್ರಶ್ನಿಸಿದವರನ್ನು ಪ್ರಗತಿಯ ವೈರಿಗಳೆನ್ನುವುದಾಗಲಿ ಸರಿಯಲ್ಲ. ಸಾರ್ವಜನಿಕರ ನೀರು ಮತ್ತು ನೆಲಕ್ಕೆ ಸಂಬಂಧಿಸಿದ ಚಿತ್ರವನ್ನು ಕಂಡಾಗ ‘ಚೆನ್ನಾಗಿದೆಯೆ?’ ಎಂಬ ಒಂದೇ ಪ್ರಶ್ನೆ ಸಾಲದು, ‘ಯಾರಿಗೆ ಏನಾಗುತ್ತದೆ?’ ಎಂಬುದನ್ನೂ ಕೇಳಬೇಕು. ನೀರಿನ ಬೆಲೆಯನ್ನು ಬಲ್ಲ ಸೊಕ್ಕೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸೊಕ್ಕೆಯ ಬಾಲಕನೊಬ್ಬನು ಜಗುಲಿಯ ಮೇಲೆ ಕುಳಿತು ಸಮುದ್ರದಾಚೆಯ ಉದ್ಯಾನದ ಚಿತ್ರವನ್ನು ನೋಡಬಲ್ಲನು. ಅದನ್ನು ಬಿಡಿಸಿದವನಿಗೆ ಅರೆಕ್ಷಣದಲ್ಲಿ ತನ್ನ ಮಾತನ್ನು ಮುಟ್ಟಿಸಬಲ್ಲನು. ಅವನ ಅಜ್ಜನಿಗೆ ಹಸ್ತಪತ್ರಿಕೆಯನ್ನು ಅಚ್ಚುಹಾಕಿಸಿದವನ ಹೆಸರೂ ತಿಳಿದಿರಲಿಲ್ಲ. ಇದು ಸಣ್ಣ ಅಧಿಕಾರವಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು, ಕಾಣದ್ದನ್ನು ಊಹಿಸಿ ದೂರದಿರುವುದು, ಕೆಲಸವನ್ನು ಟೀಕಿಸಿದರೂ ಕೆಲಸಗಾರನನ್ನು ಹೀಯಾಳಿಸದಿರುವುದು: ಅರಳಿಕಟ್ಟೆಯ ಹಿರಿಯರು ಒಳ್ಳೆಯ ಮಾತುಗಾರನಲ್ಲಿ ಬಯಸುತ್ತಿದ್ದ ಗುಣಗಳು ಇವೇ. ನಾಟಕ ಮುಗಿದ ಮೇಲೆ ಪರದೆಯ ಹಿಂದಕ್ಕೆ ಹೋಗಿ, ‘ಹಾಡು ಚೆನ್ನಾಗಿತ್ತಪ್ಪ, ಎರಡನೆಯ ಅಂಕ ಮಾತ್ರ ಬಹಳ ಉದ್ದವಾಯಿತು’ ಎಂದು ಬೆನ್ನು ತಟ್ಟಿ ಹೇಳುವ ಹಿರಿಯನ ಮಾತನ್ನು ನಟನು ಮರುದಿನ ನೆನೆಯುತ್ತಾನೆ. ಎರಡನೆಯ ಅಂಕವನ್ನು ತಿದ್ದಿಕೊಳ್ಳುತ್ತಾನೆ. ಕತ್ತಲಲ್ಲಿ ಕೂತು ಸಿಳ್ಳು ಹಾಕಿದವನಿಂದ ಅವನು ಕಲಿಯುವುದೇನೂ ಇಲ್ಲ.