ನಿಮಗಿದು ಗೊತ್ತೆ?: ಕೊನೇ ರೇಸಿಗೆ ಇಳಿಯದೆಯೂ ಚಿನ್ನ!

ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಮೊದಲ ಒಲಿಂಪಿಕ್ಸ್‌ಗೆ ಬಂದಾಗ ವಯಸ್ಸು 20. ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷವಾಗಿತ್ತು. 1948ರ ಆ ಕೂಟದಲ್ಲಿ ಹಾಯಿದೋಣಿ ಸ್ಪರ್ಧೆ ನಡೆದದ್ದು ಇಂಗ್ಲೆಂಡಿನ ಟಾರ್ಬೇ ಕೊಲ್ಲಿಯಲ್ಲಿ. ಮೊದಲ ರೇಸನ್ನೇ ಅರ್ಧಕ್ಕೆ ಬಿಟ್ಟ ಹುಡುಗ, ಕೊನೆಯ ಎರಡು ರೇಸ್ ಗೆದ್ದು ಚಿನ್ನ ಬಾಚಿಕೊಂಡ. ಮುಂದೆ 1952, 1956, 1960ರಲ್ಲೂ ಚಿನ್ನ ಅವರದೇ. 1960ರಲ್ಲಂತೂ ಎಷ್ಟು ಮುಂದಿದ್ದರೆಂದರೆ, ಕೊನೇ ರೇಸಿಗೆ ಇಳಿಯಲೇ ಇಲ್ಲ!

ಈ ಗೆಲುವುಗಳ ಹಿಂದೆ ತಾಲೀಮೂ ಇತ್ತು. ಗಾಳಿಗೆ ದೋಣಿ ವಾಲಿದಾಗ ಅದರೊಳಗಿನ ಪಟ್ಟಿಗೆ ಪಾದ ಸಿಕ್ಕಿಸಿ, ಮೈಯನ್ನು ಹೊರಗೆ ಚಾಚಿ ತೂಕ ಸರಿದೂಗಿಸಬೇಕು. ತೊಡೆ, ಹೊಟ್ಟೆಯ ಸ್ನಾಯುಗಳಿಗೆ ಅದು ಘೋರ ಶಿಕ್ಷೆ. ಎಲ್ವ್‌ಸ್ಟ್ರೋಮ್ ಮನೆಯಲ್ಲೇ ಬೆಂಚು ಮಾಡಿಕೊಂಡು ಇದನ್ನು ರೂಢಿಸಿಕೊಂಡರು. ಹಾಯಿದೋಣಿಯವರಿಗೂ ಕಸರತ್ತು ಬೇಕೆಂದು ಆಗ ಯೋಚಿಸಿದವರು ವಿರಳ.

1984ರಲ್ಲಿ, 56ರ ವಯಸ್ಸಿನಲ್ಲಿ, ಮಗಳು ತ್ರೀನೆಯನ್ನೇ ಜೊತೆಗಾತಿ ಮಾಡಿಕೊಂಡು ಮತ್ತೆ ಒಲಿಂಪಿಕ್ಸ್‌ಗೆ ಬಂದರು. ಸಿಕ್ಕಿದ್ದು ನಾಲ್ಕನೇ ಸ್ಥಾನ, ಪದಕ ಕೈತಪ್ಪಿತು. 1988ರಲ್ಲೂ ಅಪ್ಪ-ಮಗಳು ಹಾಜರ್. ನಡುವಿನ ಇನ್ನೆರಡು ಕೂಟಗಳೂ ಸೇರಿ, ಎಲ್ವ್‌ಸ್ಟ್ರೋಮ್‌ಗೆ ಅದು ಎಂಟನೇ ಒಲಿಂಪಿಕ್ಸ್.

ಅಂದಹಾಗೆ, ದೋಣಿ ಓಡುವ ವೇಗದಿಂದಲೇ ಒಳಗಿನ ನೀರನ್ನು ಹೊರಗೆಳೆಯುವ, ಇಂದಿಗೂ ಬಳಕೆಯಲ್ಲಿರುವ ಪುಟ್ಟ ಸಾಧನವೊಂದು ಅವರ ಹೆಸರಿನಲ್ಲೇ ಇದೆ.