ಸುರಪುರ ಸೀಮೆಯ ಫಾರಿನ್ ಮಂದಿ

ಕೆಲಸಕ್ಕಂತ ಪರದೇಶಕ್ಕೆ ಹೋದವರ ಮೊದಲ ದಿನಗಳು ಹೆಂಗಿರ್ತಾವ? ಹುಣಸಗಿ–ಸುರಪುರ ಸೀಮೆಗೆ ಬಂದ ಇಬ್ಬರ ಕಥಿ ಕೇಳ್ರಿ.

ಒಬ್ಬ ಲಿವರ್‌ಪೂಲ್ ಹುಡುಗ, ಫಿಲಿಪ್ ಮೆಡೋಸ್ ಟೇಲರ್. 1824ರಲ್ಲಿ ಮುಂಬಯಿಗೆ ಬಂದಿಳಿದಾಗ ವಯಸ್ಸು ಬರೀ 15! ವ್ಯಾಪಾರಿಯೊಬ್ಬರ ಕೈಕೆಳಗೆ ದುಡಿದರೆ ಮುಂದೆ ಪಾಲು ಸಿಗ್ತದ ಅಂತ ನಂಬಿ ಬಂದಿದ್ದ. ಬಂದು ನೋಡಿದ್ರೆ ಅಲ್ಲಿ ವ್ಯಾಪಾರವೇ ಕುಸಿದಿತ್ತು. ಅದೇ ವರ್ಷ ನಿಜಾಮರ ಸೇನೆ ಸೇರಿಬಿಟ್ಟ.

1841ರಲ್ಲಿ ಸುರಪುರಕ್ಕೆ ಬಂದ. ರಾಜ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ಹೊಣೆ ಟೇಲರ್ ಹೆಗಲಿಗೆ ಬಿತ್ತು. ಗುಡ್ಡದ ಮೇಲಿನ ಅವನ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ನಿಂತದ. ಹುಣಸಗಿ ಕಡೆಯ ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆ ಬರೆದು ಹೊರಜಗತ್ತಿಗೆ ತಿಳಿಸಿದವನೂ ಅವನೇ. ಬೋನಾಳ ಕೆರೆಯ ಕೆಲಸಕ್ಕೂ ಕೈಹಾಕಿದ.

ಎರಡನೇ ಪರದೇಶಿ ಇರೋದು ಅದೇ ಕೆರೆಯಾಗ! ಚಳಿಗಾಲಕ್ಕೆ ಬರೋ ಪಟ್ಟೆತಲೆ ಹೆಬ್ಬಾತು. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಹಾರಿ ಬರ್ತದ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡ್ವಾ? ಅದೇ ಗುರುತು. ತೆಳುವಾದ ಗಾಳಿಯಲ್ಲೂ ಆಮ್ಲಜನಕ ಗಟ್ಟಿಯಾಗಿ ಹಿಡಿಯೋ ರಕ್ತ ಅದರದು.

ಬಂದ ಮೇಲೆ ದಿನಚರಿ ಸರಳ: ಹೊಲದಾಗ ಕಾಳು, ಎಳೆ ಚಿಗುರು ಮೇಯೋದು, ಬಿಸಿಲೇರಿದಾಗ ನೀರಿನಾಗ ದಣಿವಾರಿಸಿಕೊಳ್ಳೋದು.

ಬೋನಾಳ ಪಕ್ಷಿಧಾಮಕ್ಕೆ ಹೋದ್ರ ದಂಡಿ ಮ್ಯಾಗ ಸುಮ್ಮನ ಕೂಡ್ರಿ. ಡ್ರೋನ್ ಬ್ಯಾಡ, ಕಲ್ಲು ಬ್ಯಾಡ, ಕೂಗೂದು ಬ್ಯಾಡ. ದೂರದಿಂದ ಬಂದ ಬೀಗರನ್ನ ಹೆದರಿಸಿ ಕಳಸ್ತಾರೇನ್ರಿ?